ನಿಮಗಿದು ಗೊತ್ತೆ? ನಿಂತ ಕಾರಿನಲ್ಲೂ ಸ್ಟೀರಿಯೊ ಬ್ಯಾಟರಿ ಹೀರಬಲ್ಲದು
ಆಮೇಲೆ ಹಾಕಿಸಿದ ಕಾರ್ ಸ್ಟೀರಿಯೊಗೆ ಸಾಮಾನ್ಯವಾಗಿ ಎರಡು 12 ವೋಲ್ಟ್ ವೈರುಗಳು. ಹಳದಿ ವೈರಿಗೆ ಗಡಿಯಾರ, ಸ್ಟೇಷನ್‌ಗಳ ನೆನಪು ಉಳಿಸಲು ಸದಾ ಕರೆಂಟ್ ಬೇಕು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಅವಸರದಲ್ಲಿ ಎರಡನ್ನೂ ಒಟ್ಟಿಗೆ ಸೇರಿಸಿಬಿಟ್ಟರೆ ಕೀ ತೆಗೆದರೂ ಸ್ಟೀರಿಯೊ ಎಚ್ಚರವಾಗಿಯೇ ಇರುತ್ತದೆ. ಅರ್ಧ ಆಂಪಿಯರ್ ಸೋರಿಕೆ ಸಣ್ಣದೆನಿಸೀತು. ಆದರೆ 45 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಖಾಲಿ!

ಪತ್ತೆ ಕಷ್ಟವಲ್ಲ. ಕಾರು ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಜೋಡಿಸಿ. ಅರ್ಧ ಗಂಟೆಯ ನಂತರವೂ 50 ಮಿಲಿಆಂಪಿಯರ್‌ಗಿಂತ ತುಂಬ ಹೆಚ್ಚು ತೋರಿಸಿದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಸ್ಟೀರಿಯೊ ಫ್ಯೂಸ್ ಕಿತ್ತಾಗ ಅಂಕಿ ಕುಸಿದರೆ ಕಳ್ಳ ಸಿಕ್ಕಂತೆ. ಮೀಟರ್ ಜೋಡಿಸಿರುವಾಗ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಮೀಟರ್ ಹಾಳಾಗುತ್ತದೆ.