ಗದ್ದಲದ ಜೀವಾಳ



ವೈದ್ಯನಾದವನು ಈ ವೇದಿಕೆಗೆ ಬಂದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡಬೇಕೆಂಬುದು ರೂಢಿ. ಇಂದು ಆ ರೂಢಿಯನ್ನು ಮುರಿಯುತ್ತಿದ್ದೇನೆ, ಮನ್ನಿಸಬೇಕು. ನಮ್ಮ ತರುಣರಲ್ಲಿ ಕೆಲವರು ನೆಲಮಾಳಿಗೆಯಲ್ಲಿ ಕುಳಿತು ‘ಹಾರ್ಷ್ ನಾಯ್ಸ್’ ಎಂಬ ಕಠೋರ ಗದ್ದಲದ ಸಂಗೀತವನ್ನು ನುಡಿಸುತ್ತಾರೆ. ಅದರಲ್ಲಿ ರಾಗವಿಲ್ಲ, ತಾಳವಿಲ್ಲ, ಕಿವಿಗಡಚಿಕ್ಕುವ ಮೊರೆತವೊಂದೇ. “ಇದೂ ಸಂಗೀತವೇ, ಡಾಕ್ಟರೇ?” ಎಂದು ತಂದೆತಾಯಿಯರು ಕೇಳುವಾಗ ಅವರ ದನಿಯಲ್ಲಿ ಸಂಗೀತದ ಚಿಂತೆಗಿಂತ ಮಗುವಿನ ಚಿಂತೆಯೇ ಹೆಚ್ಚಾಗಿರುತ್ತದೆ.

ನಮ್ಮ ತಂಬೂರಿಯಿಂದಲೇ ಆರಂಭಿಸೋಣ. ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ನೂಲಿನ ಎಳೆಯನ್ನು ಸೇರಿಸುತ್ತೇವಷ್ಟೆ. ಎಳೆಯಿಲ್ಲದ ತಂತಿಯ ನಾದ ಬೋಳು. ಎಳೆ ತನ್ನ ಸ್ಥಾನಕ್ಕೆ ಸರಿದೊಡನೆ ತಂತಿಯು ಕುದುರೆಯ ಮೈಯನ್ನು ಮತ್ತೆ ಮತ್ತೆ ಸವರಿ ಝೇಂಕರಿಸುತ್ತದೆ, ಮೂಲಸ್ವರದ ಮೇಲೆ ಅನೇಕ ಉಪಸ್ವರಗಳು ಏಳುತ್ತವೆ. ಇದನ್ನೇ ಜೀವಾಳವೆನ್ನುತ್ತೇವೆ. ಭೌತಶಾಸ್ತ್ರದ ದೃಷ್ಟಿಯಿಂದ ಇದೂ ಒಂದು ವಿಕೃತಿಯೇ. ಗದ್ದಲಗಾರರ ‘ಡಿಸ್ಟಾರ್ಷನ್’ ಪೆಡಲ್ ಮಾಡುವುದೂ ಇದಕ್ಕೆ ಸಮೀಪದ ಕೆಲಸವನ್ನು: ಧ್ವನಿಯ ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ, ಕತ್ತರಿಸಿದ ಅಂಚಿನಿಂದ ಹೊಸ ಉಪಸ್ವರಗಳು ಹುಟ್ಟುತ್ತವೆ. ಇನ್ನು ಮಿಕ್ಸರಿನ ಹೊರದಾರಿಯನ್ನು ಅದರ ಒಳದಾರಿಗೇ ಜೋಡಿಸಿದರಂತೂ ವಾದ್ಯವೇ ಬೇಕಿಲ್ಲ, ಯಂತ್ರವು ತನ್ನಷ್ಟಕ್ಕೆ ತಾನೇ ಕೂಗತೊಡಗುತ್ತದೆ. ನಮ್ಮ ರಾಜ್ಯೋತ್ಸವದ ಸ್ವಾಗತ ಭಾಷಣಗಳಲ್ಲಿ ಮೈಕು ಕಿರುಚುವುದೂ ಇದೇ ತತ್ತ್ವದಿಂದ. ನಾವು ಅದಕ್ಕೆ ಟಿಕೆಟ್ ಇಡುವುದಿಲ್ಲ, ಅಷ್ಟೇ.

ಪೆಡಲುಗಳ ಅನುಕ್ರಮ ಬಹು ಮುಖ್ಯ. ಮೊದಲು ಪ್ರತಿಧ್ವನಿ, ಆಮೇಲೆ ವಿಕೃತಿ ಎಂದಾದರೆ ಪ್ರತಿಧ್ವನಿಗಳೆಲ್ಲ ಒಂದರೊಳಗೊಂದು ಕಲಸಿ ಮುದ್ದೆಯಾಗುತ್ತವೆ. ಮೊದಲು ವಿಕೃತಿ, ಆಮೇಲೆ ಪ್ರತಿಧ್ವನಿ ಎಂದಾದರೆ ಒಂದೊಂದು ಒರಟು ಶಬ್ದವೂ ಬಿಡಿಬಿಡಿಯಾಗಿ ಮರುಕಳಿಸುತ್ತದೆ. ಒಗ್ಗರಣೆಯಲ್ಲಿ ಸಾಸಿವೆ ಮೊದಲೋ ಇಂಗು ಮೊದಲೋ ಎಂಬುದನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

‘ರಿಂಗ್ ಮಾಡ್ಯುಲೇಟರ್’ ಎಂಬ ಇನ್ನೊಂದು ಉಪಕರಣವು ಎರಡು ಸ್ವರಗಳನ್ನು ಗುಣಿಸಿ, ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹೊರಡಿಸುತ್ತದೆ. ಸೆಕೆಂಡಿಗೆ 400 ಕಂಪನದ ಸ್ವರಕ್ಕೆ 150ನ್ನು ಸೇರಿಸಿದರೆ ದೊರೆಯುವುದು 550 ಮತ್ತು 250. ಇದರ ಹೆಸರಾಂತ ಪೆಡಲೊಂದು ನಮ್ಮ ನೆರೆಯದೇ. ಸಿಂಥಸೈಜರಿನ ಜನಕರಲ್ಲಿ ಒಬ್ಬರಾದ ರಾಬರ್ಟ್ ಮೋಗ್ 1978ರಲ್ಲಿ ಉತ್ತರ ಕೆರೋಲಿನಾಕ್ಕೆ ಬಂದು ನೆಲೆಸಿ, 2005ರಲ್ಲಿ ಆಷ್‌ವಿಲ್‌ನಲ್ಲಿ ತೀರಿಕೊಂಡರು. 1998ರಲ್ಲಿ ಅವರು ಹೊರತಂದ ‘ಮೂಗರ್‌ಫೂಗರ್’ ಶ್ರೇಣಿಯ ಮೊದಲ ಉಪಕರಣಗಳಲ್ಲಿ ಅದು ಒಂದು. ಅವರ ಸಿಂಥಸೈಜರ್ 1969ರಷ್ಟು ಹಿಂದೆಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ.

ಗದ್ದಲವೂ ಸಂಗೀತದ ಸಾಮಗ್ರಿಯೆಂದು ಇಟಲಿಯ ಲುಯಿಜಿ ರುಸ್ಸೊಲೊ 1913ರಲ್ಲೇ ಸಾರಿದ್ದರು. 1979ರಲ್ಲಿ ಜಪಾನಿನ ಮಸಾಮಿ ಅಕಿತಾ ‘ಮರ್ಜ್‌ಬೌ’ ಎಂಬ ಹೆಸರಿನಿಂದ ಈ ಮಾರ್ಗವನ್ನು ಹಿಡಿದರು. ಅವರ 1996ರ ‘ಪಲ್ಸ್ ಡೀಮನ್’ ಇದರ ಪರಾಕಾಷ್ಠೆಯೆಂದು ಅನೇಕರ ಮತ. ಆದರೆ ಎಲ್ಲ ಕಟ್ಟನ್ನೂ ಮುರಿದ ಈ ಸಂಗೀತಕ್ಕೆ ತನ್ನದೇ ಕಟ್ಟುಗಳು ಬಂದವು: ಸ್ವರ ಕೇಳಿಸಕೂಡದು, ಮೌನ ಸುಳಿಯಕೂಡದು, ಮೊದಲಿನಿಂದ ಕೊನೆಯವರೆಗೆ ಅಬ್ಬರ ತಗ್ಗಕೂಡದು. ನವೋದಯವನ್ನು ಮುರಿದು ಬಂದ ನವ್ಯವೂ ಕೆಲವೇ ವರ್ಷಗಳಲ್ಲಿ ಅಚ್ಚಾಗಲಿಲ್ಲವೆ? ಬಂಡಾಯಕ್ಕೂ ಒಂದು ಮಡಿ ಹುಟ್ಟಿಕೊಳ್ಳುತ್ತದೆ. ಅಕಿತಾ ಆ ಮಡಿಗೆ ಕಟ್ಟುಬೀಳಲಿಲ್ಲ. 2009ರಲ್ಲಿ ಆರಂಭಿಸಿದ, ಹಕ್ಕಿಗಳ ಹೆಸರಿನ 13 ಆಲ್ಬಮ್‌ಗಳ ಮಾಲೆಯಲ್ಲಿ ಅವರೇ ಡ್ರಮ್ ಬಾರಿಸಿದರು.

ಈ ಕಟ್ಟುಗಳಲ್ಲಿ ಮೊದಲು ಮುರಿಯಬೇಕಾದದ್ದು ಅಬ್ಬರದ್ದು ಎಂಬುದು ನನ್ನ ಅಭಿಪ್ರಾಯ. ನಮ್ಮ ಒಳಗಿವಿಯಲ್ಲಿ ಶಬ್ದವನ್ನು ಮಿದುಳಿಗೆ ಮುಟ್ಟಿಸುವ ರೋಮಕೋಶಗಳು ಸುಮಾರು 3,500 ಮಾತ್ರ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆಯ ಮಿತಿ. ಪ್ರತಿ 3 ಡೆಸಿಬಲ್ ಏರಿದಂತೆ ಕಾಲಾವಧಿ ಅರ್ಧವಾಗುತ್ತದೆ. 100 ಡೆಸಿಬಲ್ ಆದರೆ ಉಳಿಯುವುದು 15 ನಿಮಿಷ. ಇಪ್ಪತ್ತರ ಹರೆಯದಲ್ಲೇ ಕಿವಿಮೊರೆತ ಅಂಟಿಕೊಂಡರೆ ಅದನ್ನು ಪೂರ್ತಿ ಅಳಿಸುವ ಔಷಧಿ ನಮ್ಮ ಬಳಿ ಇಲ್ಲ. ಗದ್ದಲಗಾರರು ಕಿವಿಗೆ ಬಿರಡೆ ಇಟ್ಟುಕೊಳ್ಳುವುದು ಹೇಡಿತನವಲ್ಲ.

ಕಲೆಯ ದೃಷ್ಟಿಯಿಂದಲೂ ಎಡೆಬಿಡದ ಅಬ್ಬರ ನಷ್ಟವೇ. ಕೆಲಹೊತ್ತಿನಲ್ಲಿ ಕಿವಿ ಮಂದವಾಗಿ, ಗರ್ಜನೆಯೂ ತಗಡಿನ ಮಾಡಿನ ಮೇಲಿನ ಮಳೆಯಂತಾಗುತ್ತದೆ. ಕಾಠೋರ್ಯ ಬೇರೆ, ಗಟ್ಟಿತನ ಬೇರೆ. ಸೆಕೆಂಡಿಗೆ 2,000ದಿಂದ 5,000 ಕಂಪನಗಳ ನಡುವೆ ನಮ್ಮ ಕಿವಿ ಅತಿ ಸೂಕ್ಷ್ಮ. ಅಲ್ಲಿ ಸಣ್ಣ ದನಿಯೂ ಗೀರುತ್ತದೆ. ಫಿಲ್ಟರಿನಿಂದ ಆ ಭಾಗವನ್ನು ಮಾತ್ರ ಉಳಿಸಿ, ಧ್ವನಿಯನ್ನು ತಗ್ಗಿಸಿ, ನಡುವೆ ಥಟ್ಟನೆ ಮೌನವನ್ನಿಟ್ಟರೆ ಕೇಳುವವರು ಬೆಚ್ಚಿಬೀಳುತ್ತಾರೆ.

ಆದಕಾರಣ “ನಿಲ್ಲಿಸೋ!” ಎಂದು ಮೆಟ್ಟಿಲ ಮೇಲಿನಿಂದ ಗದರುವ ಬದಲು, ಊರಿನಿಂದ ತಂದು ಮೂಲೆಗಿಟ್ಟ ತಂಬೂರಿಯನ್ನು ಮಗನ ಕೈಗೆ ಕೊಟ್ಟು ನೋಡಿ. ಅದರ ಬುರುಡೆಗೆ ಸ್ಪರ್ಶದಿಂದ ಕಂಪನ ಹಿಡಿಯುವ ಪುಟ್ಟ ಮೈಕನ್ನು ಅಂಟಿಸಿ ರಿಂಗ್ ಮಾಡ್ಯುಲೇಟರಿಗೆ ಕೊಡಲಿ. ಷಡ್ಜವು 130 ಕಂಪನದ್ದಾಗಿ, ಯಂತ್ರವೂ 130ರಲ್ಲೇ ಇದ್ದರೆ ಮೊತ್ತ 260, ಅಂದರೆ ತಾರಷಡ್ಜ, ಎಲ್ಲವೂ ಶ್ರುತಿಬದ್ಧ. ಗುಂಡಿಯನ್ನು ಕೊಂಚ ತಿರುಗಿಸಿ 140ಕ್ಕೆ ಒಯ್ದರೆ ಉಪಸ್ವರಗಳೆಲ್ಲ ಶ್ರುತಿ ಕಳಚಿಕೊಂಡು, ತಂಬೂರಿಯು ಒಡೆದ ಕಂಚಿನ ಜಾಗಟೆಯಂತೆ ಮೊಳಗತೊಡಗುತ್ತದೆ. ಗುಂಡಿಯನ್ನು ಮತ್ತೆ 130ಕ್ಕೆ ತಂದರೆ ಆ ಗದ್ದಲದೊಳಗಿಂದಲೇ ಷಡ್ಜ ಮೇಲೆದ್ದು ಬರುತ್ತದೆ. ಪಕ್ಕದಲ್ಲಿ ಕುಳಿತು ಮಾತನಾಡುವಷ್ಟೇ ಸದ್ದಿನಲ್ಲಿ ಇದೆಲ್ಲವನ್ನೂ ಕೇಳಬಹುದು.