ಕೊರಳಿಂದ ಕೊರಳಿಗೆ ವಾರ್ತೆ

ಪ್ರಶ್ನೆ: ಸಂಪರ್ಕಜಾಲವಿಲ್ಲದೆಡೆ ಅಲೆಯುವ ವನ್ಯಮೃಗಗಳ ಕೊರಳಪಟ್ಟಿಯಲ್ಲಿನ ಮಾಹಿತಿ ಸಂಶೋಧಕರ ಕೈಸೇರುವುದೆಂತು?

ಉತ್ತರ: ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2004ರಲ್ಲಿ ಕೆನ್ಯಾದಲ್ಲಿ ಪ್ರಯೋಗಿಸಿದ ‘ಜೀಬ್ರಾನೆಟ್’ ಇದಕ್ಕೆ ಉತ್ತಮ ನಿದರ್ಶನ. ಜಿಪಿಎಸ್ ನೆರವಿನಿಂದ ತನ್ನ ಸ್ಥಾನವನ್ನು ನಿಯತವಾಗಿ ದಾಖಲಿಸಿಕೊಳ್ಳುವ ಪ್ರತಿಯೊಂದು ಪಟ್ಟಿಯೂ, ಮತ್ತೊಂದು ಜೀಬ್ರಾ ಸಮೀಪಿಸಿದಾಗ ತನ್ನಲ್ಲಿರುವುದನ್ನು ರೇಡಿಯೋ ಮೂಲಕ ಅದಕ್ಕಿತ್ತು, ಅದರಲ್ಲಿರುವುದನ್ನು ತಾನು ಪಡೆಯುವುದರಿಂದ, ವಾಹನವೇರಿ ಬಂದ ಸಂಶೋಧಕನಿಗೆ ಒಂದೇ ಪ್ರಾಣಿ ಎದುರಾದರೂ, ಅವನ ಕಣ್ಣಿಗೆ ಬೀಳದ ಹಲವು ಪ್ರಾಣಿಗಳ ಸಂಚಾರವೃತ್ತಾಂತವೂ ಅವನಿಗೆ ಲಭಿಸುವುದು. ವಿಳಂಬವಾದರೇನಂತೆ! ಪ್ರಾಣಿಶಾಸ್ತ್ರಜ್ಞನಿಗೆ ಬೇಕಾದುದು ಪೂರ್ಣತೆಯೇ ಹೊರತು ತ್ವರೆಯಲ್ಲ. ಆದರೆ ಎದುರಾದವರಿಗೆಲ್ಲ ಎಲ್ಲವನ್ನೂ ಹಂಚುವ ಔದಾರ್ಯದಿಂದ ಸ್ಮೃತಿಕೋಶ ತುಂಬಿ, ಬ್ಯಾಟರಿ ಬರಿದಾಗುವ ಭಯವುಂಟಷ್ಟೆ; ಆದಕಾರಣ, ಹಿಂದೆ ಸಂಶೋಧಕರ ವಾಹನವನ್ನು ಹೆಚ್ಚಾಗಿ ಸಂಧಿಸಿದ ಪ್ರಾಣಿಗೇ ಮಾಹಿತಿಯನ್ನೊಪ್ಪಿಸುವ ವಿಧಾನವನ್ನೂ ಅವರು ಪರಿಶೀಲಿಸಿದ್ದರು.