ಚನ್ನಪಟ್ಟಣದಲ್ಲಿ ಬಾಡಿಗೆ ಮನೆ: ಅಗ್ಗದ ಲೆಕ್ಕ ಹೇಗೆ?

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣವು ಮರದ ಗೊಂಬೆಗಳಿಗೂ ರೇಷ್ಮೆಗೂ ಹೆಸರಾಗಿರುವಂತೆಯೇ, ರಾಜಧಾನಿಯ ಬಾಡಿಗೆಯನ್ನು ಭರಿಸಲಾರದವರಿಗೂ ಬಿಡದಿಯ ಕಾರ್ಖಾನೆಗಳಲ್ಲಿ ದುಡಿಯುವವರಿಗೂ ವಾಸಕ್ಕೆ ಒದಗಬಲ್ಲ ಊರಾಗಿದೆ. ಇಂತಹ ಊರುಗಳಲ್ಲಿ ದೊಡ್ಡ ಅಪಾರ್ಟ್‌ಮೆಂಟ್‌ಗಳಿಗಿಂತ, ಮಾಲೀಕರು ಕೆಳಗೆ ವಾಸವಿದ್ದು ಮಹಡಿಯನ್ನು ಬಾಡಿಗೆಗೆ ಕೊಡುವ ಮನೆಗಳೂ ಸಾಲುಮನೆಗಳೂ ಹೆಚ್ಚಾಗಿ ದೊರೆಯುವುದರಿಂದ, ಮನೆಯ ಸುದ್ದಿ ಗೇಟಿಗೆ ತೂಗುಹಾಕಿದ ಫಲಕದಿಂದಲೋ ಪರಿಚಿತರಿಂದಲೋ ದಲ್ಲಾಳಿಯಿಂದಲೋ ತಿಳಿಯುತ್ತದೆ. ಆದರೆ ತಿಂಗಳ ಬಾಡಿಗೆ ಕಡಿಮೆಯಿದ್ದ ಮಾತ್ರಕ್ಕೆ ಮನೆ ಅಗ್ಗವಾಗುವುದಿಲ್ಲ.

ಮೊದಲು ಸೇರಿಸಬೇಕಾದ ಲೆಕ್ಕ ಪ್ರಯಾಣದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಚನ್ನಪಟ್ಟಣವನ್ನು ಬಳಸಿಕೊಂಡು ಹೊರಗಿನಿಂದಲೇ ಸಾಗುತ್ತದೆ. ಕಾರಿನವರು ಅಲ್ಲಿ ಸುಂಕ ಕಟ್ಟಬೇಕಾದರೆ, ದ್ವಿಚಕ್ರ ವಾಹನಗಳಿಗೆ ಅದೇ ವರ್ಷದ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ. ಆದ್ದರಿಂದ ನಿತ್ಯ ಬೆಂಗಳೂರಿಗೆ ಹೋಗಿಬರುವವರಿಗೆ ರೈಲು ನಿಲ್ದಾಣಕ್ಕೋ ಹಳೆಯ ರಸ್ತೆಯ ಬಸ್ ನಿಲ್ದಾಣಕ್ಕೋ ನಡೆದು ಹೋಗಬಹುದಾದ ಮನೆಯು, ಬಾಡಿಗೆ ತುಸು ಹೆಚ್ಚಿದ್ದರೂ, ದೂರದ ಬಡಾವಣೆಯ ಮನೆಗಿಂತ ಕಡಿಮೆ ಖರ್ಚಿನದಾಗಬಹುದು.

ಎರಡನೆಯದು ಮುಂಗಡ, ಅಂದರೆ ಮನೆ ಬಿಡುವಾಗ ಹಿಂದಿರುಗಿಸುವ ಷರತ್ತಿನ ಮೇಲೆ ಮಾಲೀಕರು ಬಡ್ಡಿಯಿಲ್ಲದೆ ಇಟ್ಟುಕೊಳ್ಳುವ ಹಣ. ಇದರದೇ ದೊಡ್ಡ ರೂಪ ಭೋಗ್ಯ: ಬಾಡಿಗೆದಾರರು ಇಡಿಗಂಟನ್ನು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದ ಮೇಲೆ ಆ ಗಂಟನ್ನು ಮರಳಿ ಪಡೆಯುವ ಪದ್ಧತಿ ಇದು. ಉದಾಹರಣೆಗೆ, 5 ಲಕ್ಷ ರೂಪಾಯಿಗೆ ಶೇಕಡ 7ರ ಬಡ್ಡಿ ಬರುವುದೆಂದು ಹಿಡಿದರೆ, ಕೈಬಿಟ್ಟ ಬಡ್ಡಿಯೇ ತಿಂಗಳಿಗೆ ಸುಮಾರು 2,900 ರೂಪಾಯಿಯ ಬಾಡಿಗೆಯಾಗುತ್ತದೆ. ಲೆಕ್ಕ ಲಾಭದಾಯಕವಾಗಿ ಕಂಡರೂ, ಮನೆ ಬ್ಯಾಂಕಿಗೆ ಅಡವಾಗಿದ್ದು ಮಾಲೀಕರು ಕಂತು ತಪ್ಪಿಸಿದರೆ ವಾಸ, ಗಂಟು ಎರಡೂ ಅಪಾಯಕ್ಕೆ ಸಿಲುಕುವುದರಿಂದ, ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯಿಂದ ಪಡೆದು ನೋಡುವುದಲ್ಲದೆ, ಅದರಲ್ಲಿ ಎಲ್ಲ ಸಾಲಗಳೂ ಕಾಣಿಸದಿರಬಹುದಾದ ಕಾರಣ ಮೂಲ ಪತ್ರಗಳು ಯಾರ ವಶದಲ್ಲಿವೆ ಎಂಬುದನ್ನೂ ವಿಚಾರಿಸಬೇಕು.

ಕಾನೂನಿನ ಆಸರೆ ಇಲ್ಲಿ ತೆಳುವಾಗಿದೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸದು. ಕೇಂದ್ರವು 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಯ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಿದ್ದರೂ, ರಾಜ್ಯಗಳು ಅಂಗೀಕರಿಸಿದರೆ ಮಾತ್ರ ಅದಕ್ಕೆ ಬಲ ಬರುತ್ತದೆ. ಹೀಗಾಗಿ ಬಹುಪಾಲು ಬಾಡಿಗೆದಾರರಿಗೆ ಕರಾರು ಪತ್ರವೇ ಮುಖ್ಯ ರಕ್ಷಣೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂಬ ನಿಯಮದಿಂದಾಗಿ 11 ತಿಂಗಳ ಕರಾರು ರೂಢಿಗೆ ಬಂದಿದೆ. ಬಾಡಿಗೆ ಏರಿಕೆಯ ಪ್ರಮಾಣ, ಮನೆ ಬಿಡಲು ಕೊಡಬೇಕಾದ ಸೂಚನೆಯ ಅವಧಿ, ಬಣ್ಣ ಹಾಗೂ ದುರಸ್ತಿಗೆ ಮುಂಗಡದಲ್ಲಿ ಮುರಿದುಕೊಳ್ಳುವ ಮೊತ್ತ, ಉಳಿದ ಹಣ ಹಿಂದಿರುಗಿಸುವ ಗಡುವು ಇವೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಮುಂಗಡವನ್ನು ಬ್ಯಾಂಕಿನ ಮೂಲಕ ಪಾವತಿಸಿದರೆ ಪುರಾವೆಯೂ ಉಳಿಯುತ್ತದೆ.

ಕೊನೆಯದಾಗಿ ನೀರು ಮತ್ತು ವಿದ್ಯುತ್ತು. ನಗರಸಭೆಯ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೊಳವೆಬಾವಿ ಬತ್ತಿದರೆ ಟ್ಯಾಂಕರಿನ ಹಣ ಯಾರದು ಎಂಬುದನ್ನು ನೆರೆಮನೆಯವರಲ್ಲಿ ಕೇಳುವುದು ಒಳಿತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಸಲ್ಲುತ್ತದೆಯಾದರೂ, ಅದು ಪ್ರತಿ ಸಂಪರ್ಕದ ಆರ್.ಆರ್. ಸಂಖ್ಯೆಗೆ ಜೋಡಣೆಯಾಗುವುದರಿಂದ, ಮಹಡಿಗೆ ಪ್ರತ್ಯೇಕ ಮೀಟರ್ ಇಲ್ಲದ ಮನೆಯಲ್ಲಿ ಆ ಸೌಲಭ್ಯ ಕೈಗೆಟುಕುವುದು ಕಷ್ಟ. ಪ್ರಯಾಣ, ಬಡ್ಡಿ, ನೀರು, ವಿದ್ಯುತ್ತು ಇಷ್ಟನ್ನೂ ಬಾಡಿಗೆಗೆ ಕೂಡಿಸಿ ಎರಡು ಮೂರು ಮನೆಗಳನ್ನು ಹೋಲಿಸಿದ ಬಳಿಕ ಮುಂಗಡ ಕೊಡುವವರಿಗೆ, ದುಬಾರಿ ಮನೆಯನ್ನು ಅಗ್ಗವೆಂದು ತಿಳಿದು ಹಿಡಿಯುವ ಸಂಭವ ಬಹಳ ಕಡಿಮೆ.